ನಮ್ಮ ತೋಟದಲ್ಲಿ ಬರೆದುಕೊಂಡು ಹೋದದ್ದು ಎಲ್ಲಿಗೆ ಹೋಗುತ್ತದೆ?

ಓದುಗರ ಪ್ರಶ್ನೆ: ವಿರಾಜಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ವರ್ಷಕ್ಕೊಮ್ಮೆಯಾದರೂ ಯಾರಾದರೂ ‘ಅಧ್ಯಯನ ಮಾಡ್ತಿದ್ದೇವೆ’ ಅಂತ ಬರುತ್ತಾರೆ. ಒಬ್ಬರು ಮರ ಅಳೆಯುತ್ತಾರೆ, ಇನ್ನೊಬ್ಬರು ಆನೆ ಬಗ್ಗೆ ಕೇಳುತ್ತಾರೆ, ಮತ್ತೊಬ್ಬರು ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ಪದ್ಧತಿ ಬರೆದುಕೊಳ್ಳುತ್ತಾರೆ. ಹೋದವರು ತಿರುಗಿ ಬರುವುದಿಲ್ಲ. ನಾವು ಹೇಳಿದ್ದೆಲ್ಲ ಏನಾಗುತ್ತದೆ? ಇದರಿಂದ ನಮಗೇನು?

ಉತ್ತರ: ಈ ಪ್ರಶ್ನೆ ಕೇಳದ ಮನೆ ಕೊಡಗಿನಲ್ಲಿ ಕಡಿಮೆ. ನಮ್ಮ ಮನೆಯ ಜಗಲಿಯಲ್ಲೂ ಒಬ್ಬರು ಎರಡು ಮಧ್ಯಾಹ್ನ ಕೂತು ಅಜ್ಜಿಯ ಮಾತು ರೆಕಾರ್ಡ್ ಮಾಡಿಕೊಂಡರು. ಒಂದು ಪ್ರತಿ ಕಳಿಸುತ್ತೇನೆ ಅಂದಿದ್ದರು. ಬರಲಿಲ್ಲ. ಅಜ್ಜಿ ಈಗಿಲ್ಲ. ಅವರ ದನಿ ಯಾರದೋ ಕಂಪ್ಯೂಟರಿನಲ್ಲಿ ಇರಬಹುದು, ನಮ್ಮ ಹತ್ತಿರ ಇಲ್ಲ. ಹಾಗಾಗಿ ನಿಮ್ಮ ಬೇಸರ ನನಗೆ ಚೆನ್ನಾಗಿ ಗೊತ್ತು.

ಆದರೆ ಹೇಳಿದ್ದು ಸುಮ್ನೆ ಗಾಳಿಗೆ ಹೋಗುವುದಿಲ್ಲ. ನಿಮ್ಮ ಹೆಸರಿನ ಜಾಗದಲ್ಲಿ ಸಾಮಾನ್ಯವಾಗಿ ಒಂದು ನಂಬರ್ ಬರುತ್ತದೆ. ನಿಮ್ಮ ಉತ್ತರ ಬೇರೆ ತೋಟದವರ ಉತ್ತರಗಳ ಜೊತೆ ಸೇರುತ್ತದೆ. ಪಿಎಚ್‌ಡಿ ಆದರೆ ಮುಗಿಯಲು ಮೂರು ವರ್ಷಕ್ಕಿಂತ ಜಾಸ್ತಿ ಬೇಕು. ಆಮೇಲೆ ಪ್ರಬಂಧ, ಪ್ರಬಂಧದಿಂದ ಇಂಗ್ಲಿಷ್ ಪತ್ರಿಕೆಗೆ ಲೇಖನ. ಅದನ್ನು ಅದೇ ವಿಷಯ ಬಲ್ಲ ಬೇರೆಯವರು ಓದಿ, ತಪ್ಪು ಹುಡುಕಿ, ಒಪ್ಪಿದ ಮೇಲೆ ಅಚ್ಚಾಗುತ್ತದೆ. ಅಷ್ಟರಲ್ಲಿ ನಿಮ್ಮ ತೋಟದಲ್ಲಿ ನಾಲ್ಕೈದು ಕೊಯ್ಲು ಮುಗಿದಿರುತ್ತದೆ.

ಹೀಗೆ ಕೊಡಗಿನಿಂದ ಹೋದದ್ದು ಕಡಿಮೆಯೇನಲ್ಲ. ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಬರೆದ ಪುಸ್ತಕ 1952ರಲ್ಲಿ ಬಂತು. ದೇಶದ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಇವತ್ತಿಗೂ ಓದುವ ‘ಸಂಸ್ಕೃತೀಕರಣ’ (ಕೆಳಗಿನ ಜಾತಿಯವರು ಮೇಲಿನ ಜಾತಿಯವರ ಆಚಾರಗಳನ್ನು ತಮ್ಮದಾಗಿಸಿಕೊಳ್ಳುವುದು) ಅನ್ನುವ ಮಾತು ಹೆಸರಾದದ್ದು ಆ ಪುಸ್ತಕದಿಂದ. ಅದಕ್ಕೂ ಮುಂಚೆ, 1930ರ ದಶಕದಲ್ಲಿ, ಎಮೆನೊ ಅನ್ನುವ ಭಾಷಾ ವಿದ್ವಾಂಸರು ಕೊಡವರ ಭಾಷೆಯಾದ ಕೊಡವ ತಕ್ಕ್ ಕೇಳಿಸಿಕೊಂಡು ಬರೆದುಕೊಂಡರು. ಈಗ ಪೊನ್ನಂಪೇಟೆಯ ಅರಣ್ಯ ಕಾಲೇಜು, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಏಲಕ್ಕಿ ಕೇಂದ್ರ ಎಲ್ಲ ನಮ್ಮ ಊರುಗಳಲ್ಲೇ ಇವೆ.

ದೇವರಕಾಡಿನ, ಅಂದರೆ ದೇವರ ಹೆಸರಿನಲ್ಲಿ ಉಳಿಸಿಕೊಂಡ ಕಾಡಿನ, ವಿಷಯ ತಗೊಳ್ಳಿ. ಜಿಲ್ಲೆಯಲ್ಲಿ 1,214 ದೇವರಕಾಡುಗಳಿವೆ, ಒಟ್ಟು ಸುಮಾರು 2,550 ಹೆಕ್ಟೇರ್ ಅಂತ ಲೆಕ್ಕ ಇದೆ. ಸಂಶೋಧಕರು ರಕ್ಷಿತಾರಣ್ಯ, ದೇವರಕಾಡು, ಕಾಫಿ ತೋಟ ಮೂರನ್ನೂ ಅಕ್ಕಪಕ್ಕ ಇಟ್ಟು ಮರ, ಹಕ್ಕಿ, ಅಣಬೆ ಎಣಿಸಿದರು. 2005ರಲ್ಲಿ ಅದು ಪ್ರಕಟವಾಯಿತು. ಬರೀ ದೊಡ್ಡ ಕಾಡು ಕಾದರೆ ಸಾಲದು, ನಡುವಿನ ದೇವರಕಾಡೂ ನೆರಳಿನ ತೋಟವೂ ಉಳಿಯಬೇಕು ಅನ್ನುವ ಮಾತಿಗೆ ಅಲ್ಲಿಂದ ಬಲ ಬಂತು. ಆ ಎಣಿಕೆ ಆಗಿದ್ದು ನಿಮ್ಮಂಥವರು ಗೇಟು ತೆಗೆದಿದ್ದರಿಂದ.

ರೊಬಸ್ಟಾ ಕಾಫಿಯ ಹೂವಿನ ಕತೆ ನನಗೆ ಇನ್ನೂ ಇಷ್ಟ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಗಾಳಿ ಸ್ವಲ್ಪ ತರುತ್ತದೆ, ಜೇನು ಜಾಸ್ತಿ ತರುತ್ತದೆ. ಕೊಡಗಿನ ತೋಟಗಳಲ್ಲಿ ಹೂವಿನ ದಿನಗಳಂದು ಕೂತು ನೋಡಿದವರು ಮೂರು ಜೇನನ್ನು ಮುಖ್ಯ ಅಂತ ಗುರುತಿಸಿದರು: ಹೆಜ್ಜೇನು, ತುಡುವೆ, ಮಿಸ್ರಿ. ಹೆಜ್ಜೇನಿಗೆ ಗೂಡು ಕಟ್ಟಲು ದೊಡ್ಡ ಮರ ಬೇಕು. ಹಾಗಿದ್ದ ಮೇಲೆ ಪಕ್ಕದ ಕಾಡಿನ ಮರಕ್ಕೂ ನಿಮ್ಮ ಗಿಡದ ಗೊಂಚಲಿಗೂ ಸಂಬಂಧ ಇದೆ, ಅಲ್ವಾ? ಹೂ ಅರಳಿದ ಆ ಒಂದೆರಡು ದಿನ ಔಷಧಿ ಹೊಡೆಯಬೇಡಿ ಅಂತ ಹೇಳುವುದೂ ಇದಕ್ಕೇ.

ಆನೆ ವಿಷಯಕ್ಕೆ ಬಂದರೆ ಜನ ನಗುತ್ತಾರೆ. ಆನೆ ಲದ್ದಿ ಕೆದಕಿ ನೋಡಿ, ಅದರಲ್ಲಿ ಕಾಫಿ ಬೀಜ ಇದೆ ಅಂತ 2011ರಲ್ಲಿ ಲೇಖನ ಬರೆದರು. ‘ಇದು ನಮಗೆ ಮೊದಲೇ ಗೊತ್ತಿತ್ತಲ್ಲ’ ಅಂತ ತೋಟದವರು ಹೇಳುತ್ತಾರೆ. ನಿಜ, ಗೊತ್ತಿತ್ತು. ಆದರೆ ನಿಮಗೆ ಗೊತ್ತಿರುವುದು ಬೇರೆ, ಎಣಿಸಿ ಕಾಗದದ ಮೇಲೆ ಇಟ್ಟಿರುವುದು ಬೇರೆ. ಹಲಸಿನ ಹಣ್ಣಿಗೆ ಮಾತ್ರ ಆನೆ ಬರುತ್ತದೆ, ಹಲಸು ಕಿತ್ತರೆ ಸಾಕು ಅಂತ ಯಾರಾದರೂ ಸಭೆಯಲ್ಲಿ ಹೇಳಿದರೆ, ಕಾಫಿಯನ್ನೂ ತಿನ್ನುತ್ತದೆ ಅಂತ ತೋರಿಸಲು ಆ ಕಾಗದ ಬೇಕು. ಪರಿಹಾರದ ಅರ್ಜಿಗೂ, ಕಾನೂನು ಬದಲಿಸಿ ಅನ್ನುವ ಮನವಿಗೂ ‘ನಮಗೆ ಗೊತ್ತು’ ಅನ್ನುವುದು ಸಾಕಾಗುವುದಿಲ್ಲ.

ಇನ್ನು ‘ನಮಗೇನು’ ಅನ್ನುವ ಮಾತು. ಇಲ್ಲಿ ನಾನು ಸಂಶೋಧಕರ ಪರ ನಿಲ್ಲಲಾರೆ. ಅವರ ಕೆಲಸ, ಬಡ್ತಿ ಎಲ್ಲ ನಿಂತಿರುವುದು ಲೇಖನದ ಮೇಲೆ. ತಿರುಗಿ ಬಂದು ಅಂಗಳದಲ್ಲಿ ಕೂತು ಕನ್ನಡದಲ್ಲೋ ಕೊಡವ ತಕ್ಕ್‌ನಲ್ಲೋ ಹೇಳಿದರೆ ಅದಕ್ಕೆ ಅಂಕ ಇಲ್ಲ. ಇದು ದೊಡ್ಡ ಕೊರತೆ. ತೋಟದ ಮಾಲೀಕರಿಗಾದರೂ ಫೋನ್ ಮಾಡಿ ಕೇಳುವ ಅನುಕೂಲ ಇದೆ. ಆದಿವಾಸಿ ಹಾಡಿಗಳ ಯರವರು, ಜೇನು ಕುರುಬರು ಎಷ್ಟು ಸಲ ಉತ್ತರ ಕೊಟ್ಟಿಲ್ಲ? ಅವರಿಗೆ ಯಾರು ಹೇಳಿದರು?

ಹಾಗಾಗಿ ಮುಂದಿನ ಸಲ ಬಂದವರನ್ನು ಒಳಗೆ ಕರೆಯಿರಿ, ಆದರೆ ನೀವೂ ಪ್ರಶ್ನೆ ಕೇಳಿ. ಯಾವ ಕಾಲೇಜು, ಮಾರ್ಗದರ್ಶಕರು ಯಾರು, ಹಣ ಯಾರದ್ದು? ಕಾಲೇಜಿನ ಪತ್ರ ತೋರಿಸಲು ಹೇಳಿ. ಇಷ್ಟವಿಲ್ಲದ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ, ಅರ್ಧಕ್ಕೆ ನಿಲ್ಲಿಸಲೂಬಹುದು. ಮದ್ದಿನ ಸೊಪ್ಪು, ಬೇರಿನ ವಿಷಯವಾದರೆ ಇನ್ನೂ ಹುಷಾರು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊರದೇಶದವರು ನಮ್ಮ ಗಿಡಗಳನ್ನೋ ಅದರ ಬಗ್ಗೆ ನಮ್ಮ ತಿಳಿವಳಿಕೆಯನ್ನೋ ಸಂಶೋಧನೆಗೆ ಪಡೆಯಬೇಕಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು.

ಹಳೆಯದನ್ನೂ ಹುಡುಕಬಹುದು. ದೇಶದ ಪಿಎಚ್‌ಡಿ ಪ್ರಬಂಧಗಳಿಗೆ ‘ಶೋಧಗಂಗಾ’, ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ‘ಕೃಷಿಕೋಶ’ ಅನ್ನುವ ಜಾಲತಾಣ ಇದೆ. ದುಡ್ಡು ಕೊಡಬೇಕಿಲ್ಲ. ಕೊಡಗು ಅಂತ ಇಂಗ್ಲಿಷಿನಲ್ಲಿ ಹಾಕಿ ನೋಡಿ, ಕೂರ್ಗ್ ಅಂತಲೂ ಹಾಕಿ, ಎರಡರಲ್ಲೂ ಬೇರೆ ಬೇರೆ ಸಿಗುತ್ತವೆ. ಓದುವ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕೊನೆಗೆ ಮಳೆ ಪುಸ್ತಕದ ಮಾತು. ದಿನದಿನದ ಮಳೆಯನ್ನು ಅಪ್ಪ, ಅಜ್ಜ ಇಂಚು–ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರರಲ್ಲೊಂದು ಭಾಗ) ಬರೆದಿಟ್ಟ ಆ ನೋಟ್‌ಬುಕ್ ನಿಮ್ಮ ಮನೆಯಲ್ಲೂ ಇರಬಹುದು. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಆಮೇಲೆ ಕಾಯಿ ನಿಲ್ಲಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ತಡವಾಯಿತು, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿಯುವ ಮುಂಚೆ ದಿನಕ್ಕೆ ಎಷ್ಟು ಸುರಿಯಿತು, ಎಲ್ಲ ಅದರಲ್ಲಿದೆ. ಹವಾಮಾನ ಕೇಂದ್ರ ಇಲ್ಲದ ಮೂಲೆಗಳ ಲೆಕ್ಕ ಅದು. ಕೇಳಿದವರಿಗೆ ಫೋಟೋ ತೆಗೆಯಲು ಬಿಡಿ. ಪುಸ್ತಕ ಮಾತ್ರ ಮನೆಯಿಂದ ಹೊರಗೆ ಕೊಡಬೇಡಿ.