ಯುರೋಪಿನ ಪಿಂಚಣಿ: ಮುದುಕರು ಹೆಚ್ಚಾದರೂ ಖರ್ಚು ಏಕೆ ಏರುವುದಿಲ್ಲ?

ಯುರೋಪಿಯನ್ ಕಮಿಷನ್ ಮೂರು ವರ್ಷಕ್ಕೊಮ್ಮೆ ಒಂದು ದಪ್ಪ ವರದಿ ತರುತ್ತದೆ. ಜನರಿಗೆ ವಯಸ್ಸಾಗುತ್ತಾ ಹೋದರೆ ಸರ್ಕಾರಗಳ ಖಜಾನೆಗೆ ಏನಾಗುತ್ತದೆ ಅನ್ನುವುದು ಅದರ ವಿಷಯ. 2024ರ ವರದಿಯಿಂದ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಐರೋಪ್ಯ ಒಕ್ಕೂಟದಲ್ಲಿ 20ರಿಂದ 64 ವಯಸ್ಸಿನ ಪ್ರತಿ 100 ಜನಕ್ಕೆ 65 ದಾಟಿದವರು 2022ರಲ್ಲಿ ಸುಮಾರು 36 ಮಂದಿ. 2070ಕ್ಕೆ ಅದು ಸುಮಾರು 59 ಆಗುತ್ತದೆ. ಇನ್ನೊಂದು ಲೆಕ್ಕ ಸರ್ಕಾರಿ ಪಿಂಚಣಿಯ ಖರ್ಚಿನದು. 2022ರಲ್ಲಿ ಜಿಡಿಪಿಯ ಶೇ 11.4. 2070ರಲ್ಲಿ ಶೇ 11.7.

ವಯಸ್ಸಾದವರು ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತಾರೆ, ಖರ್ಚು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ವಿಚಿತ್ರ ಅಲ್ವಾ?

ನಾನು ಆಕ್ಚುಯರಿ. ಯಾರು ಎಷ್ಟು ವರ್ಷ ಬದುಕಬಹುದು, ಅವರಿಗೆ ಕೊಡಬೇಕಾದ ದುಡ್ಡಿಗೆ ಇವತ್ತು ಎಷ್ಟು ಎತ್ತಿಡಬೇಕು ಅಂತ ಲೆಕ್ಕ ಹಾಕುವುದು ನಮ್ಮ ಕಸುಬು. ಯುರೋಪಿನ ಪಿಂಚಣಿ ಫಂಡ್‌ಗಳ ಇಂಥ ಲೆಕ್ಕ ಎಷ್ಟೋ ಈಗ ಬೆಂಗಳೂರಿನ ಆಫೀಸುಗಳಲ್ಲೇ ನಡೆಯುತ್ತದೆ. ಆ ವರದಿಯನ್ನು ತೋರಿಸಿ "ನೋಡಿ, ಯುರೋಪ್ ಸಮಸ್ಯೆಯನ್ನು ಬಗೆಹರಿಸಿಕೊಂಡಿದೆ" ಎನ್ನುವವರನ್ನು ಕಂಡಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಖರ್ಚು ಎಲ್ಲೂ ಮಾಯವಾಗಿಲ್ಲ. ಸರ್ಕಾರದ ಲೆಕ್ಕಪುಸ್ತಕದಿಂದ ನಾಳಿನ ಅಜ್ಜ ಅಜ್ಜಿಯರ ಜೇಬಿಗೆ ವರ್ಗಾವಣೆ ಆಗಿದೆ, ಅಷ್ಟೇ.

ಹೇಗೆ ಅನ್ನುವುದಕ್ಕೆ ಸ್ವಲ್ಪ ಗಣಿತ ಬೇಕು. ಭಯಪಡಬೇಡಿ, ಗುಣಾಕಾರ ಭಾಗಾಕಾರ ಸಾಕು. ಯುರೋಪಿನ ಬಹುತೇಕ ಸರ್ಕಾರಿ ಪಿಂಚಣಿಗಳಲ್ಲಿ ನೀವು ಕಟ್ಟಿದ ದುಡ್ಡು ನಿಮ್ಮ ಹೆಸರಲ್ಲಿ ಕೂತಿರುವುದಿಲ್ಲ. ಈ ತಿಂಗಳು ದುಡಿಯುವವರಿಂದ ಬಂದದ್ದು ಈ ತಿಂಗಳೇ ನಿವೃತ್ತರಿಗೆ ಹೋಗುತ್ತದೆ. ನೂರು ಜನ ದುಡಿಯುತ್ತಾರೆ, ತಲಾ 1,000 ಯುರೊ ಸಂಬಳ ಅಂತಿಟ್ಟುಕೊಳ್ಳಿ. ಎಲ್ಲರೂ ಶೇ 20 ಕಟ್ಟಿದರೆ 20,000 ಯುರೊ. ನಿವೃತ್ತರು 40 ಮಂದಿ ಇದ್ದರೆ ತಲಾ 500 ಸಿಗುತ್ತದೆ, ಅಂದರೆ ಸಂಬಳದ ಅರ್ಧ.

ಈಗ ನಿವೃತ್ತರು 50 ಆದರು. ದಾರಿಗಳು ಮೂರೇ. ಎಲ್ಲರೂ ಶೇ 25 ಕಟ್ಟಬೇಕು. ಇಲ್ಲವೇ ಪಿಂಚಣಿ 400ಕ್ಕೆ ಇಳಿಯಬೇಕು. ಇಲ್ಲವೇ ಆ 50ರಲ್ಲಿ ಕೆಲವರು ಇನ್ನೂ ಕೆಲಸದಲ್ಲೇ ಇರಬೇಕು. ಎಷ್ಟು ಮಂದಿ? ಹೆಚ್ಚುಕಡಿಮೆ ಏಳು ಸಾಕು. ಅವರು ಪಿಂಚಣಿ ತೆಗೆದುಕೊಳ್ಳುವುದಿಲ್ಲ, ಮೇಲಾಗಿ ವಂತಿಗೆಯನ್ನೂ ಕಟ್ಟುತ್ತಾರೆ. ಎರಡೂ ಕಡೆ ಲಾಭ. ಹಣಕಾಸು ಸಚಿವರಿಗೆಲ್ಲ ನಿವೃತ್ತಿ ವಯಸ್ಸು ಏರಿಸುವುದರ ಮೇಲೆ ಅಷ್ಟು ಮೋಹ ಇರುವುದು ಇದಕ್ಕೇ. ತೆರಿಗೆ ಹಣ ಸುರಿಯುವುದು ನಾಲ್ಕನೇ ದಾರಿ ಅನ್ನಬಹುದು. ಆದರೆ ತೆರಿಗೆ ಕಟ್ಟುವವರು ಯಾರು? ಬಹುಮಟ್ಟಿಗೆ ಅದೇ ನೂರು ಜನ.

ಜರ್ಮನಿಯನ್ನು ಹತ್ತಿರದಿಂದ ನೋಡೋಣ. ಕಾನೂನಿನ ಮೂಲಕ ವೃದ್ಧಾಪ್ಯ ಪಿಂಚಣಿ ಶುರು ಮಾಡಿದ್ದು ಅಲ್ಲೇ, ಅಲ್ಲಿನ ಸರ್ಕಾರದ ಮುಖ್ಯಸ್ಥ, ಅಂದರೆ ಚಾನ್ಸಲರ್, ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲಿ. ಆಗ ಪಿಂಚಣಿ ವಯಸ್ಸು 70. ಅಷ್ಟು ಬದುಕುತ್ತಿದ್ದವರೇ ಕಡಿಮೆ. 1962ರಲ್ಲಿ ಒಬ್ಬ ಪಿಂಚಣಿದಾರನಿಗೆ ಸುಮಾರು ಆರು ಜನ ವಂತಿಗೆ ಕಟ್ಟುತ್ತಿದ್ದರು. ಈಗ ಎರಡರ ಆಸುಪಾಸು. 1964ರಲ್ಲಿ ಎರಡೂ ಜರ್ಮನಿ ಸೇರಿ 13.5 ಲಕ್ಷ ಮಕ್ಕಳು ಹುಟ್ಟಿದ್ದರು. 2024ರಲ್ಲಿ ಹುಟ್ಟಿದ್ದು ಅದರ ಅರ್ಧ. 1964ರ ಆ ಮಕ್ಕಳು ಈಗ ನಿವೃತ್ತಿಯ ಬಾಗಿಲಲ್ಲಿದ್ದಾರೆ. 67ನೇ ವಯಸ್ಸಿನವರೆಗೆ ದುಡಿಯಬೇಕಾದ ಮೊದಲ ತಂಡವೂ ಅವರದೇ.

ಇಷ್ಟಾದರೂ ವಂತಿಗೆ 2018ರಿಂದ ಶೇ 18.6ರಲ್ಲೇ ನಿಂತಿದೆ. ಅರ್ಧ ನೌಕರನದು, ಅರ್ಧ ಕಂಪನಿಯದು. ಇದು ಹೇಗೆ ಸಾಧ್ಯ ಆಯಿತು? ದುಡಿಯುವವರ ಸಂಖ್ಯೆ, ಅದರಲ್ಲೂ ಹೆಂಗಸರು ಮತ್ತು ವಲಸಿಗರು, ನಿರೀಕ್ಷೆಗಿಂತ ಜಾಸ್ತಿ ಆದದ್ದು ಒಂದು ಕಾರಣ. ಕೇಂದ್ರ ಸರ್ಕಾರ ತೆರಿಗೆಯಿಂದ ವರ್ಷಕ್ಕೆ 100 ಬಿಲಿಯನ್ ಯುರೊಗಿಂತ ಹೆಚ್ಚು ಸುರಿಯುವುದು ಇನ್ನೊಂದು. ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. 2000ದ ದಶಕದ ಮಧ್ಯದಲ್ಲಿ ಪಿಂಚಣಿ ಏರಿಕೆಯ ಸೂತ್ರದೊಳಗೆ ಒಂದು ಅಂಶ ಸೇರಿಸಿದರು. ನಿವೃತ್ತರ ಪಾಲು ಹೆಚ್ಚಾದ ವರ್ಷ ಪಿಂಚಣಿಯ ಏರಿಕೆ ಸಂಬಳದ ಏರಿಕೆಗಿಂತ ಸ್ವಲ್ಪ ಕಮ್ಮಿ ಆಗುತ್ತದೆ. ಯಾರ ಪಿಂಚಣಿಯನ್ನೂ ಕತ್ತರಿಸಿದಂತೆ ಕಾಣುವುದಿಲ್ಲ. ಬೀದಿಗಿಳಿದು ಕೂಗಲು ಒಂದು ದಿನಾಂಕವೂ ಸಿಗುವುದಿಲ್ಲ. ವರ್ಷಕ್ಕೆ ಅರ್ಧ ಪರ್ಸೆಂಟ್ ಹಿಂದೆ ಬಿದ್ದರೆ ಇಪ್ಪತ್ತು ವರ್ಷದಲ್ಲಿ ಏನಾಗುತ್ತದೆ ಅನ್ನುವುದು ನಮ್ಮಂಥವರಿಗೆ ಮಾತ್ರ ಕಾಣುವ ವಿಷಯ: ಹತ್ತರಲ್ಲಿ ಒಂದು ಪಾಲು ಹೋಗಿರುತ್ತದೆ.

ಕೊನೆಗೆ ರಾಜಕಾರಣಿಗಳಿಗೂ ಅದು ಕಂಡಿತು. ಪಿಂಚಣಿ ಮಟ್ಟ ಶೇ 48ಕ್ಕಿಂತ ಕೆಳಗಿಳಿಯಬಾರದು ಅಂತ ಗೆರೆ ಎಳೆದರು. ಆ ಗೆರೆ 2025ಕ್ಕೆ ಮುಗಿಯಬೇಕಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಅದನ್ನು 2031ರವರೆಗೆ ಎಳೆಯಿತು. ಚಾನ್ಸಲರ್ ಪಕ್ಷದ ಯುವ ಸಂಸದರೇ ತಿರುಗಿ ಬಿದ್ದಿದ್ದರು. ಬಿಲ್ಲು ಕಟ್ಟುವವರು ನಾವು ತಾನೇ ಅನ್ನುವುದು ಅವರ ತಕರಾರು. ತಕರಾರಿನಲ್ಲಿ ಸತ್ಯ ಇದೆ. ಆದರೆ ಮಟ್ಟ ಇಳಿದರೆ ಆ ಕಡಿಮೆ ಪಿಂಚಣಿ ಮುಂದೆ ಸಿಗುವುದೂ ಅವರಿಗೇ.

ಶೇ 48 ಅಂದರೆ ನಿಮ್ಮ ಕೊನೆಯ ಸಂಬಳದ ಶೇ 48 ಅಂತ ತಿಳಿಯಬೇಡಿ. ತುಂಬ ಜನ ಇಲ್ಲೇ ಎಡವುತ್ತಾರೆ. ಸರಾಸರಿ ಸಂಬಳದಲ್ಲಿ ಒಂದು ವರ್ಷ ದುಡಿದರೆ ಒಂದು ಪಾಯಿಂಟ್. 45 ವರ್ಷ ಹಾಗೆ ದುಡಿದವನಿಗೆ 45 ಪಾಯಿಂಟ್. 2025ರ ಜುಲೈಯಲ್ಲಿ ಒಂದು ಪಾಯಿಂಟ್‌ಗೆ ತಿಂಗಳಿಗೆ 40.79 ಯುರೊ ಇತ್ತು. ಗುಣಿಸಿದರೆ ಸುಮಾರು 1,835 ಯುರೊ. ಇದನ್ನು ಸರಾಸರಿ ಸಂಬಳದ ಪಕ್ಕ ಇಟ್ಟು, ಎರಡರಿಂದಲೂ ವಿಮೆಯ ವಂತಿಗೆ ಕಳೆದು ನೋಡಿದರೆ ಬರುವುದು ಆ ಶೇ 48. ಆದರೆ 45 ವರ್ಷ ಎಲ್ಲೂ ತುಂಡಾಗದೆ, ಸರಾಸರಿ ಸಂಬಳದಲ್ಲಿ ದುಡಿದವರು ಎಷ್ಟು ಮಂದಿ ಸಿಗುತ್ತಾರೆ? ಜನರ ಕೈಗೆ ನಿಜವಾಗಿ ಬರುವ ಸರಾಸರಿ ಪಿಂಚಣಿ ಇದಕ್ಕಿಂತ ಬಹಳ ಕಡಿಮೆ. ಜರ್ಮನಿಯ ರೈಲ್ವೆ ಸ್ಟೇಷನ್‌ಗಳಲ್ಲಿ ಕಸದ ಡಬ್ಬಿಯಿಂದ 25 ಸೆಂಟ್‌ನ ಡೆಪಾಸಿಟ್ ಬಾಟಲಿ ಹೆಕ್ಕುವ ವಯಸ್ಸಾದವರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸ್ಟಟ್‌ಗಾರ್ಟ್‌ನಲ್ಲಿರುವ ಮೈಸೂರು ಕಡೆಯ ಎಂಜಿನಿಯರ್ ಒಬ್ಬರು ತಮಗೆ ಬಂದ ವಾರ್ಷಿಕ ಪಿಂಚಣಿ ಪತ್ರದ ಫೋಟೊ ಕಳಿಸಿ, "ಸರ್, ಇದರಲ್ಲಿ ನಂಬಬೇಕಾದ ನಂಬರ್ ಯಾವುದು?" ಅಂತ ಕೇಳಿದರು. 27 ವರ್ಷ ದಾಟಿ, ಐದು ವರ್ಷ ವಂತಿಗೆ ಕಟ್ಟಿದವರಿಗೆಲ್ಲ ಈ ಪತ್ರ ಬರುತ್ತದೆ. ಚೌಕದೊಳಗೆ ಮೂರು ಮೊತ್ತ ಇರುತ್ತವೆ. ಮೊದಲನೆಯದು ಇವತ್ತೇ ದುಡಿಯಲಾಗದ ಸ್ಥಿತಿ ಬಂದರೆ ಸಿಗುವುದು. ಎರಡನೆಯದು ಈವರೆಗೆ ಗಳಿಸಿದ ಪಾಯಿಂಟ್‌ಗೆ ಸಿಗುವುದು. ಮೂರನೆಯದು ಕಳೆದ ಐದು ವರ್ಷದ ಸಂಬಳದ ಮಟ್ಟದಲ್ಲೇ 67ರವರೆಗೆ ದುಡಿದರೆ ಸಿಗುವುದು. ಎಲ್ಲರ ಕಣ್ಣೂ ಹೋಗುವುದು ಮೂರನೆಯದಕ್ಕೇ, ಯಾಕೆಂದರೆ ಅದೇ ದೊಡ್ಡದು. ಆ ಎಂಜಿನಿಯರ್ ಸರಾಸರಿಯ ಒಂದೂವರೆ ಪಟ್ಟು ಸಂಬಳದಲ್ಲಿ 12 ವರ್ಷ ದುಡಿದಿದ್ದರು. ಅಂದರೆ 18 ಪಾಯಿಂಟ್, ತಿಂಗಳಿಗೆ ಸುಮಾರು 734 ಯುರೊ. ಕೈಯಲ್ಲಿರುವುದು ಇದು. ಉಳಿದದ್ದು ಇನ್ನೂ ದುಡಿಯಬೇಕಾದದ್ದು.

ಇದರಿಂದಲೂ ಕಳೆಯುವುದಿದೆ. ಅಲ್ಲೇ ಉಳಿದರೆ ಪಿಂಚಣಿಯಿಂದ ಆರೋಗ್ಯ ವಿಮೆ ಮತ್ತು ಆರೈಕೆ ವಿಮೆಯ ವಂತಿಗೆ ಮುರಿಯುತ್ತಾರೆ, ಮೊತ್ತ ಜಾಸ್ತಿ ಇದ್ದರೆ ತೆರಿಗೆಯೂ ಬೀಳುತ್ತದೆ. 67ಕ್ಕೆ ಮೊದಲೇ ಬಿಟ್ಟರೆ, ಮೊದಲು ಬಿಟ್ಟ ಪ್ರತಿ ತಿಂಗಳಿಗೆ ಶೇ 0.3ರಂತೆ ಕಡಿತ, ಅದೂ ಬದುಕಿರುವವರೆಗೆ. ಬೆಲೆ ಏರಿಕೆಯಿಂದ ಈ ಮೊತ್ತದ ಕೊಳ್ಳುವ ಶಕ್ತಿ ಕುಸಿಯುತ್ತದೆ ಅಂತ ಪತ್ರದಲ್ಲೇ ಬರೆದಿರುತ್ತದೆ. ಒಳ್ಳೆಯ ಪತ್ರ, ಪ್ರಾಮಾಣಿಕವಾದ ಪತ್ರ. ಓದುವವರು ಕಡಿಮೆ.

ಸ್ವೀಡನ್ ಈ ವಿಷಯದಲ್ಲಿ ಇನ್ನೂ ನೇರ. 1990ರ ದಶಕದಲ್ಲಿ ಐದು ಪಕ್ಷಗಳು ಕೂತು ಒಪ್ಪಂದ ಮಾಡಿಕೊಂಡು ಇಡೀ ವ್ಯವಸ್ಥೆಯನ್ನೇ ಬದಲಿಸಿದವು. ಆದಾಯದ ಶೇ 18.5 ಪಿಂಚಣಿಗೆ. ಅದರಲ್ಲಿ ಶೇ 16 ನಿಮ್ಮ ಹೆಸರಿನ ಖಾತೆಗೆ ಲೆಕ್ಕದಲ್ಲಿ ಜಮಾ ಆಗುತ್ತದೆ. ದುಡ್ಡು ಮಾತ್ರ ಇವತ್ತಿನ ನಿವೃತ್ತರಿಗೆ ಹೋಗುತ್ತದೆ. ಶೇ 2.5 ನಿಜವಾಗಿಯೂ ಮಾರುಕಟ್ಟೆಯ ಫಂಡ್‌ಗೆ. ನಿವೃತ್ತಿಯ ದಿನ ಖಾತೆಯ ಮೊತ್ತವನ್ನು ನಿಮ್ಮ ಓರಗೆಯವರು ಇನ್ನೆಷ್ಟು ವರ್ಷ ಬದುಕುತ್ತಾರೋ ಅದರ ಮೇಲೆ ಭಾಗಿಸುತ್ತಾರೆ. ಆಯಸ್ಸು ಹೆಚ್ಚಾದರೆ ತಿಂಗಳ ಪಿಂಚಣಿ ತಾನಾಗಿ ಇಳಿಯುತ್ತದೆ. ಮತ ಹಾಕುವುದೂ ಬೇಡ, ಮುಷ್ಕರವೂ ಬೇಡ. ಸಾಲದು ಅಂತ ಒಂದು ಬ್ರೇಕ್ ಕೂಡ ಇಟ್ಟಿದ್ದಾರೆ. ಕೊಡಬೇಕಾದದ್ದು ಕೈಯಲ್ಲಿರುವುದಕ್ಕಿಂತ ಜಾಸ್ತಿ ಆದರೆ ವಾರ್ಷಿಕ ಏರಿಕೆ ಕಡಿಮೆಯಾಗುತ್ತದೆ. 2008ರ ಬಿಕ್ಕಟ್ಟಿನ ನಂತರ, 2010ರಲ್ಲಿ, ಆ ಬ್ರೇಕ್ ನಿಜವಾಗಿ ಬಿತ್ತು. ಪಿಂಚಣಿ ಇಳಿಯಿತು. ಮುಂದೆ ಚುನಾವಣೆ ಇತ್ತು, ಸರ್ಕಾರ ಪಿಂಚಣಿದಾರರ ತೆರಿಗೆ ತಗ್ಗಿಸಿ ನೋವು ಸ್ವಲ್ಪ ಕಡಿಮೆ ಮಾಡಿತು. ಯಂತ್ರ ಎಷ್ಟೇ ಸ್ವಯಂಚಾಲಿತ ಆದರೂ ಮತ ಹಾಕುವವರು ಮನುಷ್ಯರು ನೋಡಿ.

ನನ್ನನ್ನು ಜಾಸ್ತಿ ಕಾಡುವುದು ಸ್ವೀಡನ್‌ನ ಇನ್ನೊಂದು ಸಣ್ಣ ನಿಯಮ. ಪಿಂಚಣಿ ಶುರುವಾದ ಮೇಲೆ ಪ್ರತಿ ವರ್ಷದ ಏರಿಕೆ, ಸಂಬಳದ ಏರಿಕೆಗಿಂತ ಶೇ 1.6 ಕಡಿಮೆ ಇರುತ್ತದೆ. ಬದಲಿಗೆ ಮೊದಲ ದಿನದ ಪಿಂಚಣಿ ಸ್ವಲ್ಪ ಜಾಸ್ತಿ ಕೊಟ್ಟಿರುತ್ತಾರೆ. ಲೆಕ್ಕಕ್ಕೆ ಇದು ನ್ಯಾಯವೇ. ಆದರೆ 65ಕ್ಕೆ ನಿವೃತ್ತಿಯಾದವರಿಗೆ 90 ಆಗುವ ಹೊತ್ತಿಗೆ, ಅಕ್ಕಪಕ್ಕದ ದುಡಿಯುವವರಿಗೆ ಹೋಲಿಸಿದರೆ ಅವರ ಪಿಂಚಣಿ ಮೂರನೇ ಒಂದು ಭಾಗ ಕುಗ್ಗಿರುತ್ತದೆ. ಆ ವಯಸ್ಸಿನಲ್ಲಿ ಉಳಿದಿರುವವರು ಯಾರು? ಹೆಚ್ಚಿನಂಶ ಒಂಟಿ ಹೆಂಗಸರು. ಐರೋಪ್ಯ ಒಕ್ಕೂಟದಲ್ಲಿ 65 ದಾಟಿದ ಹೆಂಗಸರ ಸರಾಸರಿ ಪಿಂಚಣಿ ಗಂಡಸರದ್ದಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. ಕಟ್ಟಿದ್ದಕ್ಕೆ ತಕ್ಕಷ್ಟೇ ಪಿಂಚಣಿ ಅಂತ ನಿಯಮ ಬಿಗಿ ಮಾಡಿದಷ್ಟೂ, ಮಕ್ಕಳಿಗಾಗಿ ಕೆಲಸ ಬಿಟ್ಟವರಿಗೆ, ಅರ್ಧ ದಿನ ದುಡಿದವರಿಗೆ ಹೊಡೆತ ಜೋರು. ಸ್ವೀಡನ್ ಕನಿಷ್ಠ ಖಾತರಿ ಪಿಂಚಣಿ ಇಟ್ಟಿರುವುದರಿಂದ ಅಲ್ಲಿ ಬೀಳುವವರನ್ನು ಹಿಡಿಯಲು ಏನೋ ಒಂದು ಇದೆ.

ಇಟಲಿಯ ಕಥೆಯೇ ಬೇರೆ. 1973ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಮಕ್ಕಳಿರುವ ವಿವಾಹಿತ ಸರ್ಕಾರಿ ನೌಕರಿಣಿ 14 ವರ್ಷ, 6 ತಿಂಗಳು, 1 ದಿನ ಸೇವೆ ಮಾಡಿದ್ದರೆ ಸಾಕು, ಪಿಂಚಣಿ. ನಲವತ್ತಕ್ಕೂ ಮೊದಲೇ ನಿವೃತ್ತರಾದವರು ಇದ್ದರು. ಹಾಗೆ ಹೋದವರಿಗೆ ಅರ್ಧ ಶತಮಾನ ಪಿಂಚಣಿ ಕೊಡುವ ದೇಶ ಅದು. 1995ರಲ್ಲಿ ಇಟಲಿಯೂ ಸ್ವೀಡನ್ ತರಹದ ಖಾತೆ ಪದ್ಧತಿಗೆ ಬಂತು. ಆದರೆ ಆಗಲೇ 18 ವರ್ಷ ವಂತಿಗೆ ಕಟ್ಟಿದ್ದವರಿಗೆ ಹಳೆಯ ಧಾರಾಳ ಲೆಕ್ಕವನ್ನೇ ಉಳಿಸಿತು. 1996ರಿಂದ ಕೆಲಸಕ್ಕೆ ಸೇರಿದವರ ಮೇಲೆ ಹೊಸ ನಿಯಮ ಪೂರ್ತಿ ಬಿತ್ತು. ಅಪ್ಪನಿಗೆ ಹಳೆ ಲೆಕ್ಕ, ಮಗನಿಗೆ ಹೊಸ ಲೆಕ್ಕ. ಮಗನ ಕೆಲಸವೋ, ಆರು ತಿಂಗಳಿಗೊಮ್ಮೆ ಮುಗಿಯುವ ಕಾಂಟ್ರಾಕ್ಟ್. 2011ರ ಡಿಸೆಂಬರ್‌ನಲ್ಲಿ ಸಾಲದ ಬಿಕ್ಕಟ್ಟು ಕುತ್ತಿಗೆಗೆ ಬಂದಾಗ ಸಚಿವೆ ಎಲ್ಸಾ ಫೋರ್ನೇರೊ ಉಳಿದದ್ದನ್ನೂ ಬಿಗಿ ಮಾಡಿದರು. ಪತ್ರಿಕಾಗೋಷ್ಠಿಯಲ್ಲಿ ಬೆಲೆ ಏರಿಕೆಗೆ ತಕ್ಕಂತೆ ಪಿಂಚಣಿ ಏರಿಸುವುದನ್ನು ನಿಲ್ಲಿಸುವ ವಿಷಯಕ್ಕೆ ಬಂದಾಗ ಅವರಿಗೆ ಅಳು ಬಂದು ಮಾತು ನಿಂತಿತು. ಪಿಂಚಣಿ ಅರ್ಥಶಾಸ್ತ್ರದ ಪ್ರೊಫೆಸರ್ ಅವರು. ಆ ಒಂದು ಸಾಲಿನ ಅರ್ಥ ಏನು ಅಂತ ಆ ಕೋಣೆಯಲ್ಲಿ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಕ್ಕಿಲ್ಲ.

ವಯಸ್ಸು ಏರಿಸುವ ಜಗಳ ನಿಮಗೆ ಸುದ್ದಿಯಲ್ಲಿ ಗೊತ್ತೇ ಇದೆ. ಫ್ರಾನ್ಸ್ 2023ರಲ್ಲಿ 62ನ್ನು 64 ಮಾಡಲು ಹೊರಟು, ಸಂಸತ್ತಿನಲ್ಲಿ ಮತಕ್ಕೆ ಹಾಕದೆಯೇ ಕಾನೂನು ಮಾಡಿ, 2025ರ ಕೊನೆಗೆ ತಡೆ ಹಿಡಿಯಿತು. ಡೆನ್ಮಾರ್ಕ್ 2040ಕ್ಕೆ 70 ಅಂತ ಹೆಚ್ಚು ಗದ್ದಲವಿಲ್ಲದೆ ಪಾಸು ಮಾಡಿತು. ಲೆಕ್ಕಕ್ಕೆ ಡೆನ್ಮಾರ್ಕ್ ಸರಿ. ಆದರೆ ಜರ್ಮನಿಯಲ್ಲಿ ಈ ಚರ್ಚೆ ಎದ್ದಾಗಲೆಲ್ಲ ಛಾವಣಿ ಹಾಕುವ ಕೆಲಸಗಾರನ ಮಾತು ಬಂದೇ ಬರುತ್ತದೆ. ಅವನು 69ಕ್ಕೆ ಏಣಿ ಹತ್ತಬೇಕೇ? ಮೈಮುರಿದು ದುಡಿಯುವವರು ಆಫೀಸಿನಲ್ಲಿ ಕೂತವರಿಗಿಂತ ಬೇಗ ಸಾಯುತ್ತಾರೆ. ಎಲ್ಲರಿಗೂ ಎರಡು ವರ್ಷ ಏರಿಸಿದರೆ ಅವರ ಪಿಂಚಣಿ ಕಾಲದಲ್ಲಿ ಹೋಗುವ ಪಾಲು ದೊಡ್ಡದು.

ಹಾಗಾದರೆ ದುಡ್ಡನ್ನು ಮೊದಲೇ ಕೂಡಿಟ್ಟರೆ? ನೆದರ್ಲೆಂಡ್ಸ್ ಹಾಗೇ ಮಾಡಿದೆ. ಅಲ್ಲಿನ ಉದ್ಯೋಗ ಪಿಂಚಣಿ ಫಂಡ್‌ಗಳಲ್ಲಿ ದೇಶದ ಜಿಡಿಪಿಗಿಂತ ಹೆಚ್ಚು ದುಡ್ಡಿದೆ. ಆದರೂ 2008ರ ನಂತರದ ಹತ್ತು ಹದಿನೈದು ವರ್ಷ ಬಹಳ ಫಂಡ್‌ಗಳು ಪಿಂಚಣಿ ಏರಿಸಲೇ ಇಲ್ಲ, ಕೆಲವು ಇಳಿಸಿದವು ಕೂಡ. ಕಾರಣ ಬಡ್ಡಿ. ಅದು ಇಳಿದರೆ ಮುಂದೆ ಕೊಡಬೇಕಾದ ಅದೇ ಮೊತ್ತಕ್ಕೆ ಇವತ್ತು ಹೆಚ್ಚು ಎತ್ತಿಡಬೇಕು. ನಮ್ಮ ಲೆಕ್ಕದಲ್ಲಿ ಎಲ್ಲರ ಆಯಸ್ಸು ಒಂದು ವರ್ಷ ಜಾಸ್ತಿ ಅಂತ ಹಾಕಿದರೆ ಫಂಡ್‌ನ ಹೊರೆ ಶೇ 3ರಿಂದ 4 ಏರುತ್ತದೆ. ಬಡ್ಡಿ ಒಂದು ಪರ್ಸೆಂಟ್ ಇಳಿದರೆ ಶೇ 15-20 ಏರುತ್ತದೆ. ಈಗ ಡಚ್ಚರು 2023ರ ಕಾನೂನಿನಂತೆ, ನಿಶ್ಚಿತ ಮೊತ್ತದ ಭರವಸೆ ಬಿಟ್ಟು, ಅವರವರ ಹೆಸರಿನ ನಿಧಿಯ ಕಡೆಗೆ ಹೋಗುತ್ತಿದ್ದಾರೆ. 2028ರೊಳಗೆ ಮುಗಿಯಬೇಕು. ನಮ್ಮ ಸರ್ಕಾರಿ ನೌಕರರಿಗೆ ಒಪಿಎಸ್ (ಹಳೆಯ ನಿಶ್ಚಿತ ಪಿಂಚಣಿ), ಎನ್‌ಪಿಎಸ್ (ಮಾರುಕಟ್ಟೆಗೆ ಅಂಟಿದ ಹೊಸ ಪಿಂಚಣಿ) ಜಗಳ ಗೊತ್ತಿರುವುದರಿಂದ ಇದು ಬೇಗ ಅರ್ಥವಾಗುತ್ತದೆ. ಮಾರುಕಟ್ಟೆ ಬಿದ್ದರೆ ನಷ್ಟ ಯಾರದು ಅನ್ನುವುದೇ ಎರಡೂ ಕಡೆಯ ಪ್ರಶ್ನೆ.

ಸ್ಟಟ್‌ಗಾರ್ಟ್‌ನ ಎಂಜಿನಿಯರ್ ಇನ್ನೊಂದು ಕೇಳಿದ್ದರು. ಅಲ್ಲಿರುವ ನಮ್ಮವರು ಬಹಳ ಜನ ಕೇಳುವುದೂ ಇದನ್ನೇ: "ಊರಿಗೆ ವಾಪಸ್ ಬಂದರೆ ಈ ದುಡ್ಡಿನ ಗತಿ?" ಭಾರತ ಮತ್ತು ಜರ್ಮನಿ ನಡುವಿನ ಒಪ್ಪಂದ 2017ರ ಮೇ ತಿಂಗಳಿಂದ ಜಾರಿಯಲ್ಲಿದೆ. ಐದು ವರ್ಷ ಕಟ್ಟಿದ್ದರೆ 67ಕ್ಕೆ ಪಿಂಚಣಿ ಬೆಂಗಳೂರಿನ ಖಾತೆಗೂ ಬರುತ್ತದೆ. ಹಾಗಾಗಿ ಆ ಪತ್ರಗಳನ್ನು ಬಿಸಾಡಬೇಡಿ, ವಿಮೆ ನಂಬರ್ ಮನೆಯವರಿಗೆ ಹೇಳಿಡಿ. ಐದು ವರ್ಷ ತುಂಬದೆ ಯುರೋಪ್ ಬಿಟ್ಟು ಬಂದವರು ಎರಡು ವರ್ಷ ಕಾದು ಕಟ್ಟಿದ್ದನ್ನು ವಾಪಸ್ ಕೇಳಬಹುದು. ಆದರೆ ಸಿಗುವುದು ನಿಮ್ಮ ಸಂಬಳದಿಂದ ಮುರಿದ ಶೇ 9.3ರ ಪಾಲು ಮಾತ್ರ, ಬಡ್ಡಿ ಇಲ್ಲ. ಕಂಪನಿ ಕಟ್ಟಿದ ಶೇ 9.3 ಬರುವುದಿಲ್ಲ. ಅದು ಆಯಾ ತಿಂಗಳೇ ಅಲ್ಲಿನ ಯಾರದೋ ಪಿಂಚಣಿಯಾಗಿ ಹೋಗಿಬಿಟ್ಟಿದೆ.