ನಕ್ಷೆಯ ನೇರಳೆ ಬಣ್ಣ

ಯಾವ ನಗರದ ಭೂ ಬಳಕೆ ನಕ್ಷೆಯನ್ನೇ ಬಿಡಿಸಿ ನೋಡಿ, ಬಣ್ಣಗಳು ಹೆಚ್ಚೂಕಡಿಮೆ ಅವೇ. ಹಳದಿ ಎಂದರೆ ವಾಸದ ಮನೆ, ನೇರಳೆ ಎಂದರೆ ಕೈಗಾರಿಕೆ. ನಗರ ಯೋಜನೆಯ ಕೆಲಸದಲ್ಲಿರುವ ನನ್ನನ್ನು ಜನ ಪದೇ ಪದೇ ಕೇಳುವುದು, ಹಳದಿ ಜಾಗದಲ್ಲಿ ನೇರಳೆ ಕೆಲಸ ಯಾಕೆ ಮಾಡಬಾರದು ಅಂತ. ನಿಯಮದ ಸಂಖ್ಯೆ ಹೇಳಿ ಕಳಿಸಿಬಿಡಬಹುದು. ನಿಯಮ ಯಾಕೆ ಬಂತು ಎಂದು ಹೇಳಹೊರಟರೆ ಮಾತು ಇಂಗ್ಲೆಂಡಿನ ಗಿರಣಿಗಳ ತನಕ ಹೋಗುತ್ತದೆ.

ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೂಲಿನ ಗಿರಣಿ ಶುರು ಮಾಡಿದ್ದು ಕ್ರಾಮ್‌ಫರ್ಡ್ ಎಂಬ ಹಳ್ಳಿಯಲ್ಲಿ. ಚಕ್ರ ತಿರುಗಲು ಹರಿಯುವ ನೀರು ಬೇಕಿತ್ತು. ನೀರಿದ್ದಲ್ಲಿಗೆ ಗಿರಣಿ ಹೋಗಬೇಕು, ಕೆಲಸಗಾರರಿಗೂ ಅಲ್ಲೇ ಮನೆ ಕಟ್ಟಿಕೊಡಬೇಕು. ಉಗಿ ಯಂತ್ರ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ನದಿಯನ್ನು ಹೊತ್ತೊಯ್ಯಲಾಗದು, ಕಲ್ಲಿದ್ದಲನ್ನು ಕಾಲುವೆಯ ದೋಣಿಯಲ್ಲಿ ತರಿಸಬಹುದು. ಹಾಗಾಗಿ ಕೂಲಿಯಾಳು, ರಿಪೇರಿಯವನು, ವ್ಯಾಪಾರಿ ಎಲ್ಲರೂ ಸಿಗುವ ಊರಿನಲ್ಲೇ ಗಿರಣಿಯ ಪಕ್ಕ ಗಿರಣಿ ಎದ್ದಿತು. 1801ರಲ್ಲಿ ಸುಮಾರು 75,000 ಜನರಿದ್ದ ಮ್ಯಾಂಚೆಸ್ಟರ್ 1851ಕ್ಕೆ 3 ಲಕ್ಷ ಮುಟ್ಟಿತು.

ಇಷ್ಟು ಜನ ಮಲಗುತ್ತಿದ್ದುದು ಎಲ್ಲಿ? ಕೂಲಿಯವನ ಕೈಗೆಟುಕುವ ಗಾಡಿಯೇ ಇರಲಿಲ್ಲ. ಬೆಳಗ್ಗೆ ಗಂಟೆ ಹೊಡೆಯುವ ಹೊತ್ತಿಗೆ ನಡೆದು ಬಾಗಿಲು ತಲುಪಬೇಕು. ಗಿರಣಿಯ ಸುತ್ತ ನಡಿಗೆಯ ದೂರದಲ್ಲಿರುವ ಜಾಗ ಇದ್ದದ್ದೇ ಇಷ್ಟು, ಅದರಲ್ಲಿ ಆದಷ್ಟು ಮನೆ ತುಂಬಬೇಕು. ಹೀಗೆ ಬಂದದ್ದು ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳು: ಮೂರು ಗೋಡೆ ಅಕ್ಕಪಕ್ಕ ಮತ್ತು ಹಿಂದಿನ ಮನೆಯವರೊಂದಿಗೆ ಹಂಚಿಕೆ, ಬಾಗಿಲು ಕಿಟಕಿ ಏನಿದ್ದರೂ ನಾಲ್ಕನೆಯದರಲ್ಲಿ. ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೊರಹೋಗುವ ಮಾತೇ ಇಲ್ಲ. ಸಾಲಿಗೆಲ್ಲ ಸೇರಿ ಕೆಲವೇ ಕಕ್ಕಸು. ಕಟ್ಟಿದವರ ದುರಾಸೆ ಇದ್ದೇ ಇತ್ತು, ಆದರೆ ಅಷ್ಟು ಕೂಲಿ, ಅಷ್ಟು ಬಾಡಿಗೆ, ಅಷ್ಟೇ ದೂರ ಎಂಬ ಲೆಕ್ಕ ಕೊಟ್ಟರೆ ಇಂದಿನ ಡೆವಲಪರ್ ಕೂಡ ಅದನ್ನೇ ಬರೆದುಕೊಟ್ಟಾನು. 1909ರ ಕಾನೂನು ಇಂಥ ಮನೆಗಳನ್ನು ನಿಷೇಧಿಸಿತು. ಆದರೂ ಲೀಡ್ಸ್‌ನಲ್ಲಿ ಹಳೇ ಅನುಮತಿಯ ಬಲದ ಮೇಲೆ 1930ರ ದಶಕದವರೆಗೂ ಕಟ್ಟುತ್ತಲೇ ಇದ್ದರು. ನಮ್ಮ ವೃತ್ತಿಯವರು ಇದನ್ನು ಓದಿ ನಗುತ್ತಾರೆ, ಬೆಚ್ಚಿಬೀಳುವುದಿಲ್ಲ.

ನಿಯಮ ತಂದದ್ದು ಕಾಲರಾ. ಕೆಟ್ಟ ನಾತವೇ ರೋಗಕ್ಕೆ ಮೂಲ ಎಂದು ನಂಬಿದ್ದ ಸುಧಾರಕ ಎಡ್ವಿನ್ ಚಾಡ್ವಿಕ್ 1842ರ ವರದಿಯಲ್ಲಿ ಚರಂಡಿ, ಶುದ್ಧ ನೀರು ಬೇಕೆಂದು ಹಟ ಹಿಡಿದ. ಕಾರಣ ತಪ್ಪು, ಮದ್ದು ಸರಿ. 1854ರಲ್ಲಿ ವೈದ್ಯ ಜಾನ್ ಸ್ನೋ ಕಾಲರಾ ಹರಡುತ್ತಿರುವುದು ಇಲ್ಲಿಂದ ಎಂದು ಲಂಡನ್ನಿನ ಒಂದು ಬೀದಿ ಪಂಪಿನ ನೀರಿನತ್ತ ಬೆರಳು ತೋರಿದ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಪಾರ್ಲಿಮೆಂಟಿನ ಒಳಗೇ ನುಗ್ಗಿದಾಗ ಎಂಜಿನಿಯರ್ ಬ್ಯಾಜಲ್‌ಜೆಟ್‌ನ ಒಳಚರಂಡಿ ಯೋಜನೆಗೆ ಹಣ ಬೇಗ ಮಂಜೂರಾಯಿತು. 1875ರ ಸಾರ್ವಜನಿಕ ಆರೋಗ್ಯ ಕಾನೂನಿನ ನಂತರ ರಸ್ತೆ ಇಷ್ಟು ಅಗಲ, ಹಿತ್ತಲು ಇಷ್ಟು ತೆರವು ಎಂಬ ಸ್ಥಳೀಯ ಉಪನಿಯಮಗಳು ಹಬ್ಬಿದವು. ಮನೆ ಕಟ್ಟುವಾಗ ಸೈಟಿನ ಅಂಚಿನಲ್ಲಿ ನೀವು ಗೊಣಗುತ್ತಾ ಖಾಲಿ ಬಿಡುವ ಸೆಟ್‌ಬ್ಯಾಕ್ ಇದೇ ಮನೆತನದ್ದು.

ಚರಂಡಿಯಿಂದ ಹೊಗೆಗೆ ಪರಿಹಾರ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಲಂಡನ್ನಿನಲ್ಲಿ ಹಣವಂತರು ಪಶ್ಚಿಮಕ್ಕೆ ಸರಿದರು, ಬಡವರು ಪೂರ್ವದಲ್ಲಿ ಉಳಿದರು. ಎಬೆನೆಜರ್ ಹೊವಾರ್ಡ್‌ನ ಉದ್ಯಾನನಗರದ (ಮನೆ, ಕಾರ್ಖಾನೆ, ಸುತ್ತ ಹಸಿರು ಎಲ್ಲ ಯೋಜಿಸಿ ಕಟ್ಟುವ ಹೊಸ ಊರು) ಕಲ್ಪನೆಯಂತೆ 1903ರಲ್ಲಿ ಶುರುವಾದ ಲೆಚ್‌ವರ್ತ್‌ನಲ್ಲಿ ಕಾರ್ಖಾನೆಗಳನ್ನು ಬೇಕೆಂದೇ ಪೂರ್ವಕ್ಕೆ ಇಟ್ಟರು. ಫ್ರಾಂಕ್‌ಫರ್ಟ್ 1891ರಲ್ಲೇ ವಲಯ ವಿಂಗಡಿಸಿತ್ತು, ನ್ಯೂಯಾರ್ಕ್ 1916ರಲ್ಲಿ ಇಡೀ ನಗರಕ್ಕೆ ವಲಯ ಗೆರೆ ಎಳೆಯಿತು. ಮನೆ ಒಂದು ಕಡೆ, ದುಡಿಮೆ ಇನ್ನೊಂದು ಕಡೆ ಎನ್ನಲು ಅಷ್ಟರೊಳಗೆ ರೈಲು, ಟ್ರಾಮ್ ಬಂದಿದ್ದವು. ನಡೆದೇ ಹೋಗಬೇಕಿದ್ದ ಕಾಲದಲ್ಲಿ ಈ ಗೆರೆ ಎಳೆದಿದ್ದರೆ ಗಿರಣಿಗೆ ಆಳೇ ಸಿಗುತ್ತಿರಲಿಲ್ಲ.

ಈಗಿನ ಅನೇಕ ಸಣ್ಣ ಘಟಕಗಳಿಗೆ ಚಿಮಣಿಯೇ ಇಲ್ಲ. ಆದರೂ ಬಣ್ಣ ಅದೇ, ಓಡಾಟದ ದೂರ ಅದೇ. ನನ್ನ ಮಟ್ಟಿಗೆ ಉದ್ಯಮದ ಹೆಸರು ನೋಡಿ ತಡೆಯುವುದಕ್ಕಿಂತ ಅದರ ಸದ್ದು, ಕಂಪನ, ಕೊಳಚೆ ನೀರು ಅಳೆದು ತೀರ್ಮಾನಿಸುವುದೇ ಸರಿ. ಹಾಗಾಗಿ ಅರ್ಜಿ ಹಿಡಿದು ಬಂದವರನ್ನು ನಾಲ್ಕು ಪ್ರಶ್ನೆ ಕೇಳುತ್ತೇನೆ. "ಹೊಗೆ ಏನೂ ಇಲ್ಲ ಸಾರ್" ಎಂಬ ಉತ್ತರ ಥಟ್ಟನೆ ಬರುತ್ತದೆ. ದಿನಕ್ಕೆ ಎಷ್ಟು ಲಾರಿ, ಯಾವ ಹೊತ್ತಿಗೆ ಎಂದು ಕೇಳಿದಾಗ ಮಾತ್ರ ಪಕ್ಕದವರ ಮುಖ ನೋಡುತ್ತಾರೆ.