ಶಿಲೆಗಳ ಲೋಕದಲ್ಲಿ ‘ಧಾರವಾಡ’

ಅಂತರ್ಜಲ ಸಮೀಕ್ಷೆಯ ವರದಿಯನ್ನು ಓದಿದ ರೈತರು ನನ್ನನ್ನು ಆಗಾಗ ಕೇಳುವುದುಂಟು: ‘ನಮ್ಮ ಹೊಲ ಹಾವೇರಿ ಜಿಲ್ಲಾದಾಗ ಐತ್ರಿ, ಧಾರವಾಡದ ಕಲ್ಲು ಅಂತ ಯಾಕ ಬರದೀರಿ?’ ಪ್ರಶ್ನೆ ನ್ಯಾಯವಾದದ್ದು. ಭೂವಿಜ್ಞಾನದಲ್ಲಿ ಧಾರವಾಡವೆಂದರೆ ಊರಲ್ಲ. ಸುಮಾರು 290ರಿಂದ 260 ಕೋಟಿ ವರ್ಷಗಳ ಹಿಂದೆ ರೂಪುಗೊಂಡ ಒಂದು ಶಿಲಾಸಮುದಾಯ.

ಈ ಹೆಸರನ್ನು ಶಾಸ್ತ್ರಕ್ಕೆ ತಂದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್. ಅದುವರೆಗೆ ದಕ್ಷಿಣ ಭಾರತದ ಪುರಾತನ ಶಿಲೆಗಳನ್ನೆಲ್ಲ ಹೆಚ್ಚುಕಡಿಮೆ ಒಂದೇ ಗುಂಪಾಗಿ ನೋಡುತ್ತಿದ್ದರು. ಫುಟ್ ಅವರು ಒರಟು ಹರಳುಗಳ, ಪಟ್ಟೆಪಟ್ಟೆಯಾದ ನೈಸ್ ಶಿಲೆಯಿಂದ ಪದರುಪದರಾದ ಶಿಸ್ಟ್ ಶಿಲೆಗಳನ್ನು ಬೇರ್ಪಡಿಸಿ, ಅವಕ್ಕೆ ‘ಧಾರವಾಡ ವ್ಯವಸ್ಥೆ’ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಈ ಶಿಲೆಗಳಲ್ಲೇ ಇದೆಯೆಂದು 1888ರಲ್ಲಿ ಬರೆದರು. ಕೋಲಾರ, ಹಟ್ಟಿ ಮತ್ತು ನಮ್ಮ ಗದಗಿನ ಕಪ್ಪತಗುಡ್ಡ ಆ ಮಾತಿಗೆ ಸಾಕ್ಷಿಯಾಗಿವೆ.

ಆದರೆ ಯಾವುದು ಹಳೆಯದು, ಯಾವುದು ಆಮೇಲಿನದು ಎಂಬ ವಾದ ಬಹುಕಾಲ ನಡೆಯಿತು. ನೈಸ್‌ನ ಮೇಲೆ ಧಾರವಾಡ ಶಿಲೆಗಳು ಕೂತಿವೆ, ಅಂದರೆ ನೈಸೇ ಹಳೆಯದು ಎಂಬುದು ಫುಟ್ ಅವರ ಅಭಿಪ್ರಾಯವಾದರೆ, ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು ಧಾರವಾಡವೇ ಎಲ್ಲಕ್ಕಿಂತ ಹಳೆಯದು, ನೈಸ್ ಆಮೇಲೆ ಅದರೊಳಗೆ ನುಗ್ಗಿದ್ದು ಎಂದರು. ಇಬ್ಬರ ಮಾತಿಗೂ ಆಧಾರವಿತ್ತು. ನೈಸ್‌ಗಿಂತ ಹಳೆಯ ಶಿಸ್ಟ್‌ಗಳನ್ನು ಸರಗೂರು ಸಮೂಹವೆಂದು ಬೇರೆ ಮಾಡಿ, ಉಳಿದವನ್ನು ಬಾಬಾಬುಡನ್ ಮತ್ತು ಚಿತ್ರದುರ್ಗ ಎಂಬ ಎರಡು ಸಮೂಹಗಳಾಗಿ ವಿಂಗಡಿಸಿದ ಮೇಲಷ್ಟೇ ಗೊಂದಲ ಬಹುಮಟ್ಟಿಗೆ ತಿಳಿಯಾಯಿತು. ಹುಬ್ಬಳ್ಳಿ-ಧಾರವಾಡದ ಅಡಿಯಲ್ಲಿರುವುದು ಈ ಚಿತ್ರದುರ್ಗ ಸಮೂಹ. ಹೆಸರು ಕೊಟ್ಟ ಊರಿನ ಕಲ್ಲು ಇನ್ನೊಂದು ಊರಿನ ಹೆಸರಿನಡಿ ಸೇರಿಕೊಂಡದ್ದು ನನಗೆ ಇಂದಿಗೂ ಸೋಜಿಗವೇ.

ಮುಂದೆ ‘ಧಾರವಾಡ ಕ್ರೇಟಾನ್’ ಎಂಬ ಮಾತು ಬಳಕೆಗೆ ಬಂತು. ಕ್ರೇಟಾನ್ ಎಂದರೆ ಯುಗಯುಗಗಳಿಂದ ಗಟ್ಟಿಯಾಗಿ ನಿಂತ ಭೂಖಂಡದ ಭಾಗ. ಬಲವೆಂಬ ಅರ್ಥದ ಗ್ರೀಕ್ ಶಬ್ದ ಅದರ ಮೂಲ. ಇದರಲ್ಲಿ ಶಿಸ್ಟ್ ಮಾತ್ರವಲ್ಲ, ನೈಸ್ ಹಾಗೂ ರಾಮನಗರದ ಗ್ರಾನೈಟ್ ಕೂಡ ಸೇರುತ್ತವೆ. ಆದ್ದರಿಂದ ವರದಿಯಲ್ಲಿ ಬರೀ ‘ಧಾರವಾಡ’ ಎಂದಿದ್ದರೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೋರ್‌ವೆಲ್ ಕೊರೆಯುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಗರಸು ದಾಟಿ ಶಿಸ್ಟ್ ಸಿಕ್ಕರೆ ಬೆರಳಿಗೆ ನುಣುಪಾಗಿ ಹತ್ತುವ ಹಸಿರುಬೂದು ಪುಡಿ ಮೇಲೆ ಬರುತ್ತದೆ. ನೈಸ್ ಆದರೆ ಬಿಳಿ-ಕಪ್ಪು ಹರಳುಗಳ ಒರಟು ಚೂರು. ಶಿಸ್ಟ್‌ನಲ್ಲಿ ನೀರು ಕಡಿದಾಗಿ ಇಳಿದ ಪದರುಗಳ ಸಂದಿನಲ್ಲೂ, ಬಿರುಕುಬಿಟ್ಟ ಬೆಣಚುಕಲ್ಲಿನ ಎಳೆಗಳ ಅಕ್ಕಪಕ್ಕದಲ್ಲೂ ನಿಂತಿರುತ್ತದೆ. ಈ ಪದರುಗಳು ಹೆಚ್ಚಾಗಿ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಹಬ್ಬಿರುವುದರಿಂದ, ಬಿಂದು ಗುರುತಿಸುವ ಮುನ್ನ ಹತ್ತಿರದ ಹಳೆಯ ತೆರೆದ ಬಾವಿಯ ಗೋಡೆಯಲ್ಲಿ ಆ ದಿಕ್ಕನ್ನು ನೋಡಿಕೊಳ್ಳುವುದು ಒಳ್ಳೆಯದು.